ಬ್ರೆಡ್ ಸಾಲಿನ ಬೆನ್ನು ಹತ್ತಿ

ರಷ್ಯನ್ ಕ್ರಾಂತಿಯ ಬಗ್ಗೆ ನಾನು ಬರೆದ ಪಿಎಚ್.ಡಿ. ಸಿನಾಪ್ಸಿಸ್‌ನ ಮೊದಲ ಕರಡಿನಲ್ಲಿ ಲೆನಿನ್ ಹೆಸರು 16 ಸಲ ಬಂದಿತ್ತು. ಗೈಡ್ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು. "1917ರ ಫೆಬ್ರವರಿಯಲ್ಲಿ ಪೆಟ್ರೊಗ್ರಾಡ್‌ನಲ್ಲಿ ಗಲಾಟೆ ಶುರುವಾದಾಗ ಈ ಮನುಷ್ಯ ಎಲ್ಲಿದ್ದ?" ಅಂತ ಕೇಳಿದರು. ಜ್ಯೂರಿಕ್‌ನಲ್ಲಿ ಸರ್, ಅಂದೆ. "ಹಾಗಾದ್ರೆ ಬೀದಿಯಲ್ಲಿ ಇದ್ದವರು ಯಾರಮ್ಮಾ?"

ಬೀದಿಯಲ್ಲಿ ಇದ್ದವರು ಹೆಂಗಸರು. ಪೆಟ್ರೊಗ್ರಾಡ್ ಅಂದ್ರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್, ಆಗ ರಷ್ಯಾದ ರಾಜಧಾನಿ. ಹಳೇ ರಷ್ಯನ್ ಕ್ಯಾಲೆಂಡರಿನ ಫೆಬ್ರವರಿ 23 (ಈಗಿನ ಲೆಕ್ಕಕ್ಕೆ ಮಾರ್ಚ್ 8), ಅಂತರರಾಷ್ಟ್ರೀಯ ಮಹಿಳಾ ದಿನ. ಹಿಂದಿನ ದಿನ ಪುತಿಲೋವ್ ಕಾರ್ಖಾನೆಗೆ ಬೀಗ ಬಿದ್ದು ಸಾವಿರಾರು ಕೆಲಸಗಾರರು ಹೊರಗೆ ನಿಂತಿದ್ದರು. ಆವತ್ತು ನಗರದ ವೀಬೊರ್ಗ್ ಭಾಗದ ಬಟ್ಟೆ ಮಿಲ್ಲುಗಳ ಹೆಂಗಸರು ಬ್ರೆಡ್ ಬೇಕು ಅಂತ ಕೆಲಸ ಬಿಟ್ಟು ಬಂದರು. ಅಕ್ಕಪಕ್ಕದ ಲೋಹದ ಕಾರ್ಖಾನೆಗಳ ಗಂಡಸರನ್ನೂ ಕರೆದರು. ಸದ್ಯಕ್ಕೆ ಮುಷ್ಕರ ಬೇಡ ಅಂತ ಅಲ್ಲಿನ ಬೊಲ್ಶೆವಿಕ್ (ಲೆನಿನ್‌ನ ಪಕ್ಷದ) ಮುಖಂಡರೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವಾರದಲ್ಲಿ ಝಾರ್ ಎರಡನೇ ನಿಕೊಲಾಯ್ ಪ್ಸ್ಕೊವ್‌ನಲ್ಲಿ, ತನ್ನ ರೈಲಿನೊಳಗೆ ಕೂತು, ಪಟ್ಟ ಬಿಡುವ ಕಾಗದಕ್ಕೆ ಸಹಿ ಹಾಕಿದ.

ಇದೇ ಹೆಂಗಸರು ಅದಕ್ಕೆ ಮೊದಲು ತಿಂಗಳುಗಟ್ಟಲೆ ಅಂಗಡಿಗಳ ಮುಂದೆ ಸಾಲು ನಿಂತಿದ್ದರು. ಆ ಸಾಲಿಗೆ ಆಗಿನ ಜನ ಇಟ್ಟ ಹೆಸರು 'ಖ್ವೊಸ್ತ್'. ಅಂದ್ರೆ ಬಾಲ. ಈ ಪದ ಕಣ್ಣಿಗೆ ಬಿದ್ದ ದಿನವೇ ನನ್ನ ವಿಷಯ ಸಿಕ್ಕಿತು. ಚಿಕ್ಕವಳಿದ್ದಾಗ ಸೊಸೈಟಿ ಮುಂದೆ ಸೀಮೆಎಣ್ಣೆಗೆ ಡಬ್ಬ ಇಟ್ಟು ಜಾಗ ಹಿಡಿದವಳು ನಾನು. ಅಮ್ಮನ ಸೆರಗು ಹಿಡಿದು ಆ ಸಾಲಿನಲ್ಲಿ ಕೇಳಿಸಿಕೊಂಡಷ್ಟು ರಾಜಕೀಯ ಬಿ.ಎ. ಕ್ಲಾಸಿನಲ್ಲೂ ಕೇಳಿಲ್ಲ. ಪೆಟ್ರೊಗ್ರಾಡ್‌ನ ಬಾಲದಲ್ಲಿ ನಿಂತವರು ಏನು ಮಾತಾಡಿಕೊಳ್ಳುತ್ತಿದ್ದರು? ಲೆನಿನ್‌ನನ್ನು ಪಕ್ಕಕ್ಕಿಟ್ಟು ಇದನ್ನು ಹಿಡಿದುಕೊಂಡೆ.

ಭಾಷೆ ಕಲಿತ ಕಥೆ ಜಾಸ್ತಿ ಹೇಳಲ್ಲ. ನಮ್ಮ ಮನೆಗೆ ರಷ್ಯಾ ಬಂದದ್ದು ಸೋವಿಯತ್ ಪತ್ರಿಕೆಗಳ ಮಿರಿಮಿರಿ ಹಾಳೆಗಳಲ್ಲಿ. ಶಾಲೆ ಪುಸ್ತಕಕ್ಕೆ ಬೈಂಡ್ ಹಾಕೋಕೆ ಅದಕ್ಕಿಂತ ಒಳ್ಳೆ ಕಾಗದ ಇರಲಿಲ್ಲ. ಮುಂದೆ ದೆಹಲಿಯಲ್ಲಿ ರಷ್ಯನ್ ಓದಿದೆ. ಅಚ್ಚಾದ ಪುಸ್ತಕ ಸರಾಗವಾಗಿ ಓದುವ ಹಂತಕ್ಕೆ ಬಂದೆ. ಆಮೇಲೆ 2009ರ ಚಳಿಗಾಲದಲ್ಲಿ ಮಾಸ್ಕೋದ ಪತ್ರಾಗಾರದಲ್ಲಿ, ಹಳೇ ಸರ್ಕಾರಿ ಕಾಗದ ಇಟ್ಟಿರುವ ಕಡೆ, ಮೊದಲ ಕಡತ ತೆರೆದೆ. ಒಂದಕ್ಷರ ಓದಲಾಗಲಿಲ್ಲ.

ರಷ್ಯನ್ ಕೈಬರಹ ಬೇರೆಯೇ ಪ್ರಾಣಿ. ನಾಲ್ಕೈದು ಅಕ್ಷರಗಳು ಬರೀ ಮೇಲೆ ಕೆಳಗೆ ಹೋಗುವ ಗೀಟುಗಳು. ಅವು ಪಕ್ಕಪಕ್ಕ ಬಂದರೆ ಇಸಿಜಿ ಕಾಗದ ನೋಡಿದ ಹಾಗಿರುತ್ತದೆ. ಸಾಲದ್ದಕ್ಕೆ 1918ಕ್ಕೆ ಮುಂಚಿನ ಬರವಣಿಗೆಯಲ್ಲಿ ಹೆಚ್ಚುವರಿ ಅಕ್ಷರಗಳಿವೆ. ನಮ್ಮ ಹಳಗನ್ನಡದ ಱ, ೞ ಇದ್ದ ಹಾಗೆ. ವ್ಯಂಜನದಲ್ಲಿ ಮುಗಿಯುವ ಪದಗಳ ಕೊನೆಗೆ ಉಚ್ಚಾರವೇ ಇಲ್ಲದ ಒಂದು ಚಿಹ್ನೆ ಬೇರೆ. ಮೊದಲ ಹದಿನೈದು ದಿನ ನಾನು ಮಾಡಿದ್ದು ಒಂದೇ ಕೆಲಸ. ಒಬ್ಬನೇ ಗುಮಾಸ್ತ ಬರೆದ ಕಾಗದಗಳನ್ನು ಒಟ್ಟಿಗೆ ಇಟ್ಟುಕೊಂಡು, ಗೊತ್ತಿರುವ ಪದಗಳಿಂದ ಅವನ ಅಕ್ಷರಮಾಲೆ ಬರೆದುಕೊಂಡೆ. ದಿನಾಂಕ, ಊರು, 'ಮಾನ್ಯರೇ', 'ತಮ್ಮ ವಿಧೇಯ' ಇವು ಎಲ್ಲ ಕಾಗದದಲ್ಲೂ ಇರುತ್ತವೆ. ಅವೇ ಬೀಗದ ಕೈ. ಹೊಸದಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಕಡತ ಕೇಳುವುದಕ್ಕೂ ಒಂದು ವಿಳಾಸದ ಕ್ರಮ ಇದೆ. ಫೋಂಡ್ ಅಂದರೆ ಒಂದು ಇಲಾಖೆಯ ಇಡೀ ದಾಸ್ತಾನು. ಓಪಿಸ್ ಅಂದರೆ ಅದರೊಳಗಿನ ಪಟ್ಟಿ. ದೇಲೊ ಅಂದರೆ ಕಡತ. ಲಿಸ್ತ್ ಅಂದರೆ ಹಾಳೆ. ನಾಲ್ಕೂ ಸಂಖ್ಯೆ ಸರಿ ಇದ್ದರೆ ನೂರು ವರ್ಷದ ಹಿಂದಿನ ಒಂದು ಚೀಟಿಯೂ ನಿಮ್ಮ ಟೇಬಲ್ಲಿಗೆ ಬರುತ್ತದೆ. ನಾನು ಯಾರದೋ ಅಡಿಟಿಪ್ಪಣಿ ನಕಲು ಮಾಡಿಕೊಳ್ಳುವಾಗ ಓಪಿಸ್ ಮತ್ತು ದೇಲೊ ಅದಲುಬದಲು ಮಾಡಿದ್ದೆ. ಮೂರು ದಿನ ಕಾದ ಮೇಲೆ ಬಂದದ್ದು ಪೊಲೀಸ್ ಕುದುರೆಗಳ ಮೇವಿನ ಲೆಕ್ಕ. ಸುಮ್ನೆ ವಾಪಸ್ ಕೊಡಲು ನಾಚಿಕೆಯಾಗಿ ಅರ್ಧ ದಿನ ಅದನ್ನೇ ಓದಿದ ಹಾಗೆ ಮಾಡಿದೆ.

ಬಾಲದ ಮಾತುಗಳನ್ನು ಬರೆದಿಟ್ಟವರು ಯಾರು ಅಂತ ಊಹಿಸಿ ನೋಡೋಣ. ಸಾಲಿನಲ್ಲಿ ನಿಂತ ಹೆಂಗಸರಿಗೆ ಬರೆಯಲು ಪುರುಸೊತ್ತಿರಲಿಲ್ಲ, ಎಷ್ಟೋ ಜನಕ್ಕೆ ಅಕ್ಷರವೂ ಬರುತ್ತಿರಲಿಲ್ಲ. 1897ರ ಜನಗಣತಿಯ ಪ್ರಕಾರ ಸಾಮ್ರಾಜ್ಯದಲ್ಲಿ ಓದು ಬಲ್ಲವರು ಶೇ 21ರಷ್ಟು ಮಾತ್ರ, ಹೆಂಗಸರಲ್ಲಿ ಇನ್ನೂ ಕಮ್ಮಿ. ಬರೆದಿಟ್ಟವರು ಪೊಲೀಸರು. ಝಾರ್‌ನ ಗುಪ್ತ ಪೊಲೀಸ್ ಒಖ್ರಾನ. ಅದರ ಕಾಗದಗಳು ಈಗ ಮಾಸ್ಕೋದ ಬಲ್ಶಾಯಾ ಪಿರೊಗೊವ್‌ಸ್ಕಾಯಾ ಬೀದಿಯ ರಾಜ್ಯ ಪತ್ರಾಗಾರದಲ್ಲಿವೆ. ಎಲ್ಲರೂ ಅದನ್ನು ಗಾರ್ಫ್ ಅಂತ ಕರೆಯುತ್ತಾರೆ. ಪೊಲೀಸ್ ಇಲಾಖೆಯದು ಫೋಂಡ್ 102, ಪೆಟ್ರೊಗ್ರಾಡ್ ಒಖ್ರಾನದ್ದು ಫೋಂಡ್ 111. ಎಲ್ಲವೂ ಉಳಿದಿಲ್ಲ. ಕ್ರಾಂತಿಯ ದಿನಗಳಲ್ಲಿ ಜನ ಪೊಲೀಸ್ ಠಾಣೆಗಳಿಗೆ, ಲಿತೇಯ್ನಿ ಬೀದಿಯ ಕೋರ್ಟಿಗೆ ಬೆಂಕಿ ಇಟ್ಟಾಗ ಎಷ್ಟೋ ಕಡತ ಬೂದಿಯಾದವು.

ಉಳಿದದ್ದರಲ್ಲಿ 1917ರ ಆರಂಭದ ಒಂದು ವರದಿ ಇದೆ. ಇತಿಹಾಸಕಾರರು ತುಂಬಾ ಸಲ ಉದ್ಧರಿಸಿರುವಂಥದ್ದು. ಕೊನೆಯಿಲ್ಲದ ಸಾಲಿನಲ್ಲಿ ನಿಂತು ಬಸವಳಿದ, ಅರೆಹೊಟ್ಟೆಯ ಮಕ್ಕಳನ್ನು ನೋಡಿ ಕಂಗೆಟ್ಟ ತಾಯಂದಿರು ಮಿಲ್ಯುಕೋವ್‌ನಂಥ ವಿರೋಧ ಪಕ್ಷದ ನಾಯಕರಿಗಿಂತ ಕ್ರಾಂತಿಗೆ ಹತ್ತಿರ ಇದ್ದಾರೆ, ಅವರಿಗಿಂತ ಅಪಾಯಕಾರಿಗಳು ಅಂತ ಅದರ ಸಾರ. ಓದಿದ ದಿನ ಕುಣಿದಾಡುವಷ್ಟು ಖುಷಿಯಾಯಿತು. ನನ್ನ ಇಡೀ ಪ್ರಬಂಧವನ್ನು ಒಬ್ಬ ಪೊಲೀಸನೇ ಬರೆದುಕೊಟ್ಟಿದ್ದ, ಅಲ್ವಾ?

ಆದರೆ ಪೊಲೀಸನ ಮಾತಿಗೆ ಸೋಡಿ ಬಿಡಬೇಕು. ಮಾಹಿತಿದಾರ ದುಡ್ಡಿಗೆ ಕೆಲಸ ಮಾಡುವವನು. ಸುದ್ದಿ ಇಲ್ಲದ ದಿನವೂ ಅವನಿಗೆ ಸುದ್ದಿ ಬೇಕು. ಅದನ್ನು ತಿದ್ದಿ ಮೇಲಕ್ಕೆ ಕಳಿಸುವ ಅಧಿಕಾರಿಗೆ ತನ್ನ ಮೇಲಧಿಕಾರಿಯ ಭಯ. 'ನಾವು ಮೊದಲೇ ಎಚ್ಚರಿಸಿದ್ದೆವು' ಅಂತ ನಾಳೆ ಹೇಳಿಕೊಳ್ಳಲು ಒಂದು ಕಾಗದ ಇರಲಿ ಅನ್ನುವ ಜಾಣತನ ಬೇರೆ. ಅದಕ್ಕೇ ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಗೆರೆ ಎಳೆದೆ. ಅಲ್ಲಿ ಎರಡೇ ಪದ: 'ಯಾರ ಕೈ?' ಮಾತು ಯಾರದು ಅನ್ನುವುದು ಎಡಕ್ಕೆ, ಅದನ್ನು ಬರೆದ ಕೈ ಯಾರದು ಅನ್ನುವುದು ಬಲಕ್ಕೆ. ಎಡಗಡೆ ಬಹಳ ಸಲ ಖಾಲಿ ಉಳಿಯುತ್ತಿತ್ತು.

ಪೊಲೀಸ್ ಕಾಗದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಕಟ್ಟಿಹಾಕಿದ್ದು ಒಂದು ಗೋಡೆ ನೋಟಿಸು. ಪೆಟ್ರೊಗ್ರಾಡ್ ಸೇನಾ ವಲಯದ ಮುಖ್ಯಸ್ಥ ಜನರಲ್ ಖಬಾಲೊವ್ ಗಲಾಟೆಯ ಮೊದಲ ದಿನಗಳಲ್ಲಿ ಅಂಟಿಸಿದ್ದು. ಬೇಕರಿಗಳಿಗೆ ಹಿಟ್ಟು ಮೊದಲಿನಷ್ಟೇ ಹೋಗುತ್ತಿದೆ, ಬ್ರೆಡ್ಡಿಗೆ ಕೊರತೆ ಇರಬಾರದು, ಕೆಲವರಿಗೆ ಸಿಕ್ಕಿಲ್ಲ ಅಂದರೆ ಹೆದರಿದ ಜನ ರಸ್ಕ್ ಮಾಡಿಡಲು ಜಾಸ್ತಿ ಕೊಂಡದ್ದೇ ಕಾರಣ, ಅನ್ನುತ್ತದೆ ಅದು. ಆ 'ಇರಬಾರದು' ನೋಡಿ. ರಷ್ಯನ್ ಮೂಲದಲ್ಲೂ ಹಾಗೇ ಇದೆ. ಕೊರತೆ ಇಲ್ಲ ಅಂತ ಹೇಳಿಲ್ಲ. ಇರಬಾರದು. ಕನ್ನಡದಲ್ಲಿ ಅದು ಲೆಕ್ಕಾಚಾರವೂ ಆಗುತ್ತದೆ, ಅಪ್ಪಣೆಯೂ ಆಗುತ್ತದೆ. ರಷ್ಯನ್ನಿನಲ್ಲೂ ಅಷ್ಟೇ. ಬೆಳಗಿನ ಜಾವದಿಂದ ಹಿಮದಲ್ಲಿ ನಿಂತು ಬರಿಗೈಯಲ್ಲಿ ವಾಪಸ್ ಹೋಗುವ ಹೆಂಗಸಿಗೆ ಅಕ್ಷರ ಬಲ್ಲ ಯಾರೋ ಇದನ್ನು ಓದಿ ಹೇಳಿರಬೇಕು. ನಿನ್ನ ಹಸಿವಿಗೆ ಪಕ್ಕದ ಮನೆಯವಳ ರಸ್ಕ್ ಕಾರಣ ಅಂತ.

ಖಬಾಲೊವ್ ಪೂರ್ತಿ ಸುಳ್ಳು ಹೇಳಿದ್ದ ಅಂತಲೂ ನಾನು ಹೇಳಲಾರೆ. ನಗರದಲ್ಲಿ ಹಿಟ್ಟು ಸ್ವಲ್ಪ ಇತ್ತು. ದೇಶದಲ್ಲಿ ಧಾನ್ಯವೂ ಇತ್ತು. ಅದು ಬೇಕಾದ ಕಡೆ ಇರಲಿಲ್ಲ, ಅಷ್ಟೇ. ಯುದ್ಧದ ಮೂರನೇ ಚಳಿಗಾಲ. ರೈಲು ವ್ಯವಸ್ಥೆ ಸೈನ್ಯದ ಭಾರಕ್ಕೆ ಕುಸಿದಿತ್ತು, ಆ ಚಳಿಗೆ ಎಂಜಿನ್ನುಗಳು ಕೆಟ್ಟು ನಿಂತಿದ್ದವು. ದುಡ್ಡು ಕೊಟ್ಟರೂ ಕೊಳ್ಳಲು ಮೊಳೆ, ಬಟ್ಟೆ ಸಿಗದಿದ್ದಾಗ ರೈತ ಯಾಕೆ ಧಾನ್ಯ ಮಾರಿಯಾನು? ಕಾರ್ಖಾನೆ ಕೆಲಸಕ್ಕೆ ಬಂದವರಿಂದ ಪೆಟ್ರೊಗ್ರಾಡ್ ಮಾತ್ರ ಊದಿಕೊಳ್ಳುತ್ತಲೇ ಇತ್ತು.

ಇನ್ನು ನನ್ನ ದೊಡ್ಡ ಪ್ರಮಾದಗಳು. ಮೊದಲನೆಯದು ತಾರೀಖಿನದು. 1918ರ ಜನವರಿ 31ರವರೆಗೂ ರಷ್ಯಾದಲ್ಲಿ ಜೂಲಿಯನ್ ಕ್ಯಾಲೆಂಡರ್. ಮಾರನೇ ದಿನ ಬೆಳಗಾದರೆ ಫೆಬ್ರವರಿ 14. ನಡುವಿನ 13 ದಿನ ಮಾಯ. ಪುಸ್ತಕದಲ್ಲಿ ಓದಿ ಇದು ನನಗೆ ಗೊತ್ತೇ ಇತ್ತು. ಆದರೂ ಪೆಟ್ರೊಗ್ರಾಡ್‌ನಲ್ಲಿದ್ದ ಒಬ್ಬ ವಿದೇಶಿಯನ ಡೈರಿಯ ಮಾರ್ಚ್ 8ನ್ನು ಪೊಲೀಸ್ ವರದಿಯ ಫೆಬ್ರವರಿ 23ರ ಮುಂದೆ ಇಟ್ಟುಕೊಂಡು, 'ಸುದ್ದಿ ಹೊರಗಿನವರಿಗೆ ಎರಡು ವಾರ ತಡವಾಗಿ ತಿಳಿಯಿತು' ಅಂತ ಎರಡು ಪುಟ ಗೀಚಿದ್ದೆ. ಎರಡೂ ಒಂದೇ ಗುರುವಾರ. ಗೈಡ್ ಅಂಚಿನಲ್ಲಿ ಬರೆದದ್ದು ಇಷ್ಟು: "ಯುಗಾದಿ ಚಾಂದ್ರಮಾನವೋ ಸೌರಮಾನವೋ ನೋಡಿ ಒಬ್ಬಟ್ಟು ಮಾಡಮ್ಮ." ಅವತ್ತಿನಿಂದ ಪ್ರತಿ ಟಿಪ್ಪಣಿಗೂ ಎರಡೆರಡು ತಾರೀಖು ಬರೆಯುತ್ತೇನೆ.

ಎರಡನೆಯದು ಇನ್ನೂ ಮುಜುಗರದ್ದು. ಸಾಲಿನಲ್ಲಿ ನಿಂತವರಲ್ಲಿ ಹಳ್ಳಿಯಿಂದ ಬಂದವರೇ ಹೆಚ್ಚು ಅಂತ 1917ರ ಹಳ್ಳಿಗಳ ತೀರ್ಮಾನ ಪತ್ರಗಳನ್ನೂ ಓದತೊಡಗಿದ್ದೆ. ಇವಕ್ಕೆ 'ಪ್ರಿಗವೋರ್' ಅನ್ನುತ್ತಾರೆ. ಹಳ್ಳಿಯವರೆಲ್ಲ ಸೇರಿ ಜಮೀನು, ಕಾಡು, ಯುದ್ಧದ ಬಗ್ಗೆ ಒಂದು ಮಾತಿಗೆ ಬಂದು ಬರೆಸಿದ ಕಾಗದ. ಒಂದರಲ್ಲಿ 'ಮಿರ್' ಅನ್ನುವ ಪದ ಮತ್ತೆ ಮತ್ತೆ ಬರುತ್ತಿತ್ತು. ಮಿರ್ ಅಂದರೆ ಶಾಂತಿ. ಈ ಹಳ್ಳಿ ಯುದ್ಧ ನಿಲ್ಲಿಸಲು ಎಷ್ಟು ಹಂಬಲಿಸುತ್ತಿದೆ ನೋಡಿ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಬರೆದೆ. ಆದರೆ ಮಿರ್ ಅಂದರೆ ಹಳ್ಳಿಯ ಸಮುದಾಯವೂ ಹೌದು. ನಮ್ಮಲ್ಲಿ ಊರೊಟ್ಟು ಅನ್ನುತ್ತೇವಲ್ಲ, ಅದು. ಹಳೇ ಬರವಣಿಗೆಯಲ್ಲಿ ಎರಡಕ್ಕೂ 'ಇ' ಅಕ್ಷರ ಬೇರೆ ಬೇರೆ. ಒಂದರ ತಲೆ ಮೇಲೆ ಚುಕ್ಕೆ ಇರುತ್ತದೆ. 1918ರ ಕಾಗುಣಿತ ಸುಧಾರಣೆಯ ಮೇಲೆ ಕಲಿತ ನಮ್ಮಂಥವರಿಗೆ ಎರಡೂ ಒಂದೇ. ನನ್ನ ಕಾಗದದಲ್ಲಿ ಚುಕ್ಕೆ ಇತ್ತು. ಆ ಊರಿನವರು ಶಾಂತಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಜಮೀನ್ದಾರನ ಹುಲ್ಲುಗಾವಲು ಊರೊಟ್ಟಿಗೆ ಸೇರಬೇಕು ಅಂತಿದ್ದರು.

ಪದಗಳ ವಿಷಯ ಬಂತು ಅಂತ ಹೇಳುತ್ತೇನೆ. 1917ರ ಭಾಷಣ, ಅರ್ಜಿಗಳಲ್ಲಿ 'ದೆಮೊಕ್ರಾತಿಯಾ' ಅಂತ ಕಂಡರೆ 'ಪ್ರಜಾಪ್ರಭುತ್ವ' ಅಂತ ಕನ್ನಡ ಮಾಡಿ ಮುಂದೆ ಹೋಗಬೇಡಿ. ಆಗ ಅದರ ಅರ್ಥ ಬಹಳ ಸಲ ಸಾಮಾನ್ಯ ಜನ, ದುಡಿಯುವವರು, ಸಿರಿವಂತರ ಎದುರು ನಿಂತವರು. ಅದೊಂದು ಆಡಳಿತದ ಪದ್ಧತಿ ಅಲ್ಲ, ಒಂದು ಗುಂಪು. ಈ ಒಂದು ಪದ ತಪ್ಪಿದರೆ ಆ ವರ್ಷದ ಅರ್ಧ ಜಗಳ ಅರ್ಥವಾಗುವುದಿಲ್ಲ. ನಾನು ಕೊನೆಗೆ 'ಬಡವರ ಕಡೆಯವರು' ಅಂತ ಬರೆದೆ. ಪೂರ್ತಿ ಸಮಾಧಾನ ಇಲ್ಲ.

ಕೆಲಸಗಾರರ ನೆನಪುಗಳೂ ಬೇಕಾದಷ್ಟು ಸಿಗುತ್ತವೆ. 1920ರಲ್ಲಿ ಪಕ್ಷದ ಇತಿಹಾಸ ಸಂಗ್ರಹಿಸಲು ಇಸ್ತ್‌ಪಾರ್ತ್ ಅನ್ನುವ ಆಯೋಗ ಶುರುವಾಯಿತು. ಅದು ಹಳಬರಿಂದ ನೆನಪು ಬರೆಸಿತು. ಓದಲು ರುಚಿ. ಆದರೆ ಗೆದ್ದ ಪಕ್ಷದ ಕಚೇರಿಯಲ್ಲಿ ಕೂತು ನೆನಪಿಸಿಕೊಳ್ಳುವಾಗ ಎಲ್ಲರಿಗೂ ತಾವು ಮೊದಲಿನಿಂದಲೂ ಬೊಲ್ಶೆವಿಕ್ ಆಗಿದ್ದದ್ದು ಜ್ಞಾಪಕಕ್ಕೆ ಬರುತ್ತದೆ. ಹೆಂಗಸರು ಮಾತ್ರ 'ಕೆಲವು ಮಹಿಳಾ ಸಂಗಾತಿಗಳು' ಆಗಿಬಿಡುತ್ತಾರೆ. ಹೆಸರೂ ಇರುವುದಿಲ್ಲ.

ಊಟದ್ದು ಕೇಳುವವರಿದ್ದಾರೆ, ಅದಕ್ಕೇ ಹೇಳುತ್ತೇನೆ. ಕ್ಯಾಂಟೀನಿನ ಎಲೆಕೋಸಿನ ಸೂಪಿಗೂ ಮಾಂಸದ ರಸ ಇರುತ್ತದೆ. ನಾನು ಬದುಕಿದ್ದು ಗ್ರೆಚ್ಕಾ ಅನ್ನುವ ಹುರಿದ ಕಾಳಿನ ಅನ್ನ, ಊರಿಂದ ತಂದ ಚಟ್ನಿಪುಡಿ, ಮತ್ತು ಕೆಫೀರ್ ಕಲಸಿದ ಅನ್ನದ ಮೇಲೆ. ಕೆಫೀರ್ ಸ್ವಲ್ಪ ಹುಳಿ ಜಾಸ್ತಿ, ಒಗ್ಗರಣೆ ಬಿದ್ದರೆ ಮೊಸರನ್ನವೇ. ಈಗ ಹೋಗುವವರು ಇನ್ನೊಂದು ನೆನಪಿಡಿ. 2022ರ ಮಾರ್ಚ್‌ನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಯೂನಿವರ್ಸಿಟಿಯ ಪರಿಚಯ ಪತ್ರ ರಷ್ಯನ್ನಿನಲ್ಲೇ ಇರಲಿ, ಲೆಟರ್‌ಹೆಡ್ಡು ಸೀಲು ಎರಡೂ ಇರಲಿ. ಸೀಲಿಗೆ ಅಲ್ಲಿ ನಮ್ಮಲ್ಲಿಗಿಂತ ಜಾಸ್ತಿ ಮರ್ಯಾದೆ.

ಓದುವ ಕೋಣೆಯ ಮೇಜಿನ ಹಿಂದೆ ಒಬ್ಬರು ವಯಸ್ಸಾದ ಹೆಂಗಸು ಇದ್ದರು. ಮೊದಲ ತಿಂಗಳು ಬೈಗುಳ ಬಿಟ್ಟರೆ ಬೇರೆ ಮಾತಿಲ್ಲ. ಒಂದು ದಿನ ಭಾರತದಲ್ಲಿ ಯಾವ ಕಡೆ ಅಂತ ಕೇಳಿದರು. ಬೆಂಗಳೂರು ಅಂದದ್ದು ಮುಟ್ಟಲಿಲ್ಲ. ಬೀದರ್ ನಮ್ಮ ರಾಜ್ಯದ್ದೇ ಅಂದೆ. ಮುಖ ಅರಳಿತು. 1470ರ ದಶಕದಲ್ಲಿ ಅಫನಾಸಿ ನಿಕಿತಿನ್ ಅನ್ನುವ ತ್ವೇರ್ ಊರಿನ ವ್ಯಾಪಾರಿ ಬಹಮನಿ ಸುಲ್ತಾನರ ಬೀದರ್‌ಗೆ ಬಂದದ್ದು ಅವರಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಆಮೇಲೆ ಪೆನ್ಸಿಲ್ ಮುರಿದರೆ ಅವರೇ ಚೂಪು ಮಾಡಿ ಕೊಡುತ್ತಿದ್ದರು.

ಪ್ರತಿ ಕಡತದ ಜೊತೆಗೂ ಒಂದು ಹಾಳೆ ಇರುತ್ತದೆ. ಓದಿದವರು ತಾರೀಖು ಹಾಕಿ ಹೆಸರು ಬರೆಯಬೇಕು. ಕೆಲವದರಲ್ಲಿ ಹತ್ತಾರು ಹೆಸರು. ನನ್ನ ಹುಲ್ಲುಗಾವಲಿನ ಕಡತದಲ್ಲಿ ಒಂದೇ ಒಂದು, ಅದೂ 1960ರ ದಶಕದ್ದು. ಆ ಪ್ರಿಗವೋರ್‌ನ ಕೊನೆಯಲ್ಲಿ ಸಹಿಗಳಿದ್ದವು. ಅದಕ್ಕಿಂತ ಹೆಚ್ಚಾಗಿ ಸಹಿ ಮಾಡಲಾಗದವರ ಹೆಸರುಗಳಿದ್ದವು. ಪಕ್ಕದಲ್ಲಿ ಒಂದೇ ಕೈಯಲ್ಲಿ ಮತ್ತೆ ಮತ್ತೆ, 'ಅಕ್ಷರ ಬಾರದ ಇವರ ಪರವಾಗಿ, ಇವರ ಕೋರಿಕೆಯಂತೆ ರುಜು ಮಾಡಿದ್ದೇನೆ' ಅಂತ. ನಮ್ಮ ಶಾನುಭೋಗರ ಮಾತಿನ ಹಾಗೇ ಇದೆ.

ಕೊನೆಯ ದಿನ ಆ ಹಾಳೆಗೆ ಅವಸರದಲ್ಲಿ ಸಹಿ ಹಾಕಿ ಕಡತ ಒಪ್ಪಿಸಿದೆ. ಬ್ಯಾಂಕಿನಲ್ಲಿ ಹಾಕುವ ಹಾಗೆ, ಕನ್ನಡದಲ್ಲಿ. ಆ ಹೆಂಗಸು ಕನ್ನಡಕ ಏರಿಸಿಕೊಂಡು ಸಹಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಇದು ಯಾರಿಗೂ ಓದಲು ಬರುವುದಿಲ್ಲ ಅಂದರು. ತಿದ್ದಲು ನಾನು ಪೆನ್ನು ತೆಗೆಯುವಷ್ಟರಲ್ಲಿ ಅವರೇ ಪಕ್ಕದಲ್ಲಿ ನನ್ನ ಹೆಸರನ್ನು ರಷ್ಯನ್ನಿನಲ್ಲಿ ದುಂಡಗೆ ಬರೆದರು. ಅದರ ಕೆಳಗೆ ಬೆರಳಿಟ್ಟು, ನಗದೆ, ಗಂಭೀರವಾಗಿ ಓದಿ ಹೇಳಿದರು: "ಅಕ್ಷರ ಬಾರದ ಇವರ ಪರವಾಗಿ..."