ನೋಟಿಸಿಗೊಂದು ಬೇರೆ ಗಂಟೆ

ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರನಾಗಿ ನಾನು ಲೆಕ್ಕ ನೋಡಿಕೊಳ್ಳುವ ಪಾರ್ಟಿಗಳು ನೂರಕ್ಕಿಂತ ಹೆಚ್ಚಿದ್ದಾರೆ. ಬಹುಪಾಲು ಬಟ್ಟೆ, ಹಾರ್ಡ್‌ವೇರ್ ಮತ್ತು ಮೆಕ್ಕೆಜೋಳದ ವ್ಯಾಪಾರಿಗಳು. ಜಿಎಸ್‌ಟಿ ನೋಂದಣಿಯ ಹೊತ್ತಿನಲ್ಲಿ ಇಮೇಲ್ ವಿಳಾಸ ಯಾವುದು ಹಾಕಲಿ ಎಂದು ಕೇಳಿದರೆ, "ನಿಮ್ದೇ ಹಾಕ್ರಿ ಸಾರ್, ನಾವೆಲ್ಲಿ ನೋಡ್ತೀವಿ" ಎನ್ನುವವರೇ ಹೆಚ್ಚು. ಹೀಗೆ ವರ್ಷಗಟ್ಟಲೆ ಅವರೆಲ್ಲರ ಅಂಚೆಪೆಟ್ಟಿಗೆ ನನ್ನ ಜಿಮೇಲ್ ಖಾತೆಯೇ ಆಗಿಬಿಟ್ಟಿತು. ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ, ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ ಕಳುಹಿಸಿದ ನೋಟಿಸು ಕೈಗೆ ಕೊಟ್ಟ ನೋಟಿಸಿನಷ್ಟೇ ಸಿಂಧು. ನಾನು ಅದನ್ನು ತೆರೆದು ನೋಡಿದೆನೋ ಇಲ್ಲವೋ ಎಂಬುದು ಯಾರಿಗೂ ಸಂಬಂಧಪಡದ ವಿಷಯ.

ಇದರ ಬಿಸಿ ನನಗೆ ತಟ್ಟಿದ್ದು 2024ರ ಫೆಬ್ರುವರಿಯಲ್ಲಿ. ಬಟ್ಟೆ ವ್ಯಾಪಾರಿಯೊಬ್ಬರು ಬಾಡಿಗೆ ಹೆಚ್ಚಾಯಿತೆಂದು ಅಂಗಡಿಯನ್ನು ಪಕ್ಕದ ಓಣಿಗೆ ಬದಲಾಯಿಸಿ, ಆ ಮಾತನ್ನು ನನಗೆ ಹೇಳುವುದನ್ನೇ ಮರೆತಿದ್ದರು. ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗಳಿಗೆ ಹಳೆಯ ವಿಳಾಸದಲ್ಲಿ ಬೀಗ ಕಂಡಿತು; ನೋಂದಣಿಯನ್ನು ಏಕೆ ರದ್ದು ಮಾಡಬಾರದು ಎಂದು ಕೇಳುವ ರೆಗ್-17 ನಮೂನೆಯ ನೋಟಿಸು ಇಮೇಲ್‌ನಲ್ಲಿ ಹೊರಟಿತು. ಅದಕ್ಕೆ ಉತ್ತರಿಸಲು ಇರುವುದು 7 ಕೆಲಸದ ದಿನಗಳು ಮಾತ್ರ. ಅದು ಬಂದದ್ದು 20ನೇ ತಾರೀಖು, ಅಂದರೆ ಜಿಎಸ್‌ಟಿಆರ್-3ಬಿ ರಿಟರ್ನ್ ತುಂಬುವ ಕೊನೆಯ ದಿನ. ಅಂದು ನನ್ನ ಇನ್‌ಬಾಕ್ಸಿಗೆ ಒಂದರ ಮೇಲೊಂದು ಒಟಿಪಿಗಳು ಮತ್ತು ರಿಟರ್ನ್ ಸಲ್ಲಿಕೆಯಾದ ಸಂದೇಶಗಳು ಬಂದು ಬೀಳುತ್ತವೆ. ಅವುಗಳ ನಡುವೆ ನೋಟಿಸು ಎಲ್ಲೋ ಹೂತುಹೋಯಿತು. ಮಾರ್ಚ್ ಮೊದಲ ವಾರದಲ್ಲಿ ವ್ಯಾಪಾರಿಯೇ ಫೋನ್ ಮಾಡಿ, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ ಆಗುತ್ತಿಲ್ಲ ಎಂದಾಗ ನಾನು ಹುಡುಕಿ ನೋಡಿದೆ. ರದ್ದತಿಯ ಆದೇಶವೂ ಬಂದು ಕುಳಿತಿತ್ತು. ರದ್ದತಿಯನ್ನು ಹಿಂಪಡೆಯುವಂತೆ ರೆಗ್-21 ನಮೂನೆಯಲ್ಲಿ ಅರ್ಜಿ ಹಾಕಿ, ಹೊಸ ಅಂಗಡಿಯ ಬಾಡಿಗೆ ಕರಾರು ಮತ್ತು ಕರೆಂಟು ಬಿಲ್ಲು ಲಗತ್ತಿಸಿ ನೋಂದಣಿಯನ್ನು ಮರಳಿ ಪಡೆದೆವು. ಆದರೆ ಅಷ್ಟರೊಳಗೆ ಯುಗಾದಿಯ ವ್ಯಾಪಾರದ ಹಲವು ದಿನಗಳು ಅವರ ಕೈತಪ್ಪಿದ್ದವು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಹತ್ತು ನಿಮಿಷಕ್ಕೊಮ್ಮೆ ಇಮೇಲ್ ನೋಡತೊಡಗಿದೆ. ಊಟದ ತಟ್ಟೆಯ ಪಕ್ಕದಲ್ಲಿ, ದೇವಸ್ಥಾನದ ಸಾಲಿನಲ್ಲಿ, ಪಾರ್ಟಿಯೊಬ್ಬರು ಎದುರು ಕುಳಿತು ಕಷ್ಟ ಹೇಳಿಕೊಳ್ಳುತ್ತಿರುವಾಗಲೂ ಕಣ್ಣು ಫೋನಿನ ಮೇಲೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ ಅವರು 124 ಜನರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಮೂರೇ ಸಲ ಇಮೇಲ್ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆಯಾದದ್ದು ಕಂಡುಬಂದಿದೆ ಎಂದು ಓದಿ ಅದನ್ನೂ ಪ್ರಯತ್ನಿಸಿದೆ. ತಲೆ ತಣ್ಣಗಾದದ್ದು ನಿಜ. ಆದರೆ ನನ್ನ ಕಷ್ಟ ಎಷ್ಟು ಸಲ ನೋಡಬೇಕು ಎಂಬುದಾಗಿರಲಿಲ್ಲ. ಫೆಬ್ರುವರಿಯ ಆ ದಿನ ನಾನು ಇನ್‌ಬಾಕ್ಸನ್ನು ಇಪ್ಪತ್ತು ಸಲವಾದರೂ ನೋಡಿದ್ದೆ, ನೋಡಿಯೂ ಕಾಣಲಿಲ್ಲ.

ಹಾಗಾಗಿ ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಸಂಜೆ ಕುಳಿತು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ತುರ್ತು ಎಂಬುದನ್ನು ಕಳುಹಿಸಿದವರ ಅವಸರದಿಂದ ಅಳೆಯದೆ, ಉತ್ತರಕ್ಕಿರುವ ದಿನಗಳಿಂದ ಅಳೆದೆ. ರೆಗ್-17ಕ್ಕೆ 7 ಕೆಲಸದ ದಿನ. ರಿಟರ್ನಿನ ಲೆಕ್ಕವನ್ನು ತಿದ್ದುತ್ತೇವೆಂದು ಇಲಾಖೆ ಮೊದಲೇ ತಿಳಿಸುವ ಆದಾಯ ತೆರಿಗೆಯ 143(1)(ಎ) ಸೂಚನೆಗೆ 30 ದಿನ. ಅಧಿಕಾರಿಯ ಮುಖ ನೋಡದೆ ಪೋರ್ಟಲಿನಲ್ಲೇ ನಡೆಯುವ ಆದಾಯ ತೆರಿಗೆ ಪರಿಶೀಲನೆಯ ನೋಟಿಸುಗಳಿಗೆ ಅದರಲ್ಲೇ ಬರೆದ ದಿನಾಂಕ. ಬ್ಯಾಂಕಿನ ಜಾಹೀರಾತು, ಸಾಫ್ಟ್‌ವೇರ್ ಕಂಪನಿಯ "ಕೊನೆಯ ಅವಕಾಶ", ಸಂಘದ ಸಭೆಯ ಆಮಂತ್ರಣ ಇವುಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಲಾರಿಯನ್ನು ದಾರಿಯಲ್ಲಿ ತಡೆದರು ಎಂಬಂಥ ಗಂಟೆ ಲೆಕ್ಕದ ವಿಷಯವೂ ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಅದಕ್ಕೆ ಯಾರೂ ಇಮೇಲ್ ಬರೆಯುವುದಿಲ್ಲ, ಡ್ರೈವರೇ ಫೋನ್ ಮಾಡುತ್ತಾನೆ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಎರಡು ಇಲಾಖೆಗಳು ಮತ್ತು ಒಂಬತ್ತು ಜನ.

ಪಟ್ಟಿಯಲ್ಲಿದ್ದವರ ಮೇಲ್‌ಗಳನ್ನು ತಾನಾಗಿ ಬೇರ್ಪಡಿಸುವ ಫಿಲ್ಟರನ್ನು ಫೋನಿನ ಜಿಮೇಲ್ ಆ್ಯಪಿನಲ್ಲಿ ಮಾಡಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಮಾಡಬೇಕು. ಮೊದಲ ಸಲ ನಾನು ಕಳುಹಿಸಿದವರ ಖಾನೆಯಲ್ಲಿ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಜಾಲತಾಣಗಳ ಡೊಮೇನ್ ಹೆಸರುಗಳನ್ನಷ್ಟೇ ಬರೆದು, ಬಂದದ್ದಕ್ಕೆಲ್ಲ "ತುರ್ತು" ಎಂಬ ಲೇಬಲ್ ಅಂಟಿಸುವಂತೆ ಮಾಡಿದೆ. ಮುಂದಿನ 11ನೇ ತಾರೀಖು, ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರ ತುಂಬುವ ಕೊನೆಯ ದಿನ, ಫೋನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಡಿದುಕೊಂಡಿತು. ಒಟಿಪಿಗಳೂ ಅದೇ ಡೊಮೇನಿನಿಂದ ಬರುತ್ತವೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಆಮೇಲೆ "ಈ ಪದಗಳು ಇರಬಾರದು" ಎಂಬ ಖಾನೆಯಲ್ಲಿ ಒಟಿಪಿ ಎಂಬುದನ್ನೂ, ಸಲ್ಲಿಕೆ ಯಶಸ್ವಿಯಾಯಿತು ಎನ್ನುವ ಮೇಲ್‌ಗಳ ವಿಷಯ ಸಾಲಿನ ಪದಗಳನ್ನೂ ಇಂಗ್ಲಿಷಿನಲ್ಲಿ ಸೇರಿಸಿದೆ. ಬೇಕಾದದ್ದನ್ನು ಹೆಸರಿಸುವುದಕ್ಕಿಂತ ಬೇಡದ್ದನ್ನು ತೆಗೆಯುವುದೇ ನನಗೆ ಸುರಕ್ಷಿತವೆನಿಸಿತು. ನೋಟಿಸಿನ ವಿಷಯ ಸಾಲಿನಲ್ಲಿ ನೋಟಿಸು ಎಂಬ ಪದವೇ ಇರಬೇಕೆಂದಿಲ್ಲ. ಒಂದು ಹೆಚ್ಚುವರಿ ಗಂಟೆಯ ಸದ್ದನ್ನು ಸಹಿಸಬಹುದು, ಬಾರಿಸದ ಗಂಟೆಯನ್ನಲ್ಲ. ಜೊತೆಗೆ "ಎಂದೂ ಸ್ಪ್ಯಾಮಿಗೆ ಕಳುಹಿಸಬೇಡ" ಎಂಬ ಗುರುತನ್ನೂ ಹಾಕಿದೆ.

ಹಾಗೆ ಗುರುತು ಹಾಕಿದ ಮೇಲೆ ಒಂದು ಎಚ್ಚರವೂ ಬೇಕಾಯಿತು. ಇಲಾಖೆಯ ಹೆಸರಿನಲ್ಲಿ ಬರುವ ಮೋಸದ ಮೇಲ್‌ಗಳು ಕಡಿಮೆಯೇನಲ್ಲ. ಆದ್ದರಿಂದ ಗಂಟೆ ಬಾರಿಸಿದ ಮೇಲ್‌ನೊಳಗಿನ ಕೊಂಡಿಯನ್ನು ನಾನು ಒತ್ತುವುದೇ ಇಲ್ಲ. ಪೋರ್ಟಲನ್ನು ಬೇರೆಯಾಗಿ ತೆರೆದು ನೋಡುತ್ತೇನೆ. ಆದಾಯ ತೆರಿಗೆಯ ಪತ್ರವಾದರೆ 2019ರ ಅಕ್ಟೋಬರ್‌ನಿಂದ ಕಡ್ಡಾಯವಾಗಿರುವ ಡಿಐಎನ್, ಅಂದರೆ ದಾಖಲೆ ಗುರುತಿನ ಸಂಖ್ಯೆಯನ್ನು ಇ-ಫೈಲಿಂಗ್ ಪೋರ್ಟಲಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಇನ್ನು ಫೋನು. ನನ್ನದು ಆಂಡ್ರಾಯ್ಡ್; ಅದರ ಜಿಮೇಲ್‌ನಲ್ಲಿ ಒಂದೊಂದು ಲೇಬಲ್ಲಿಗೂ ಬೇರೆ ಬೇರೆ ಸದ್ದು ಇಡಬಹುದು. ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರನ್ನು ಒತ್ತಿ, ಲೇಬಲ್ ನಿರ್ವಹಣೆಗೆ ಹೋಗಿ, "ತುರ್ತು" ಲೇಬಲ್ಲನ್ನು ಆರಿಸಿದೆ. ಅಲ್ಲಿ ನೋಟಿಫಿಕೇಶನ್ನಿನ ಆಯ್ಕೆಗಳೆಲ್ಲ ಮಂಕಾಗಿದ್ದವು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳಿದದ್ದು, ಆ ಲೇಬಲ್ಲಿನ ಮೇಲ್‌ಗಳನ್ನು ಫೋನಿಗೆ ಇಳಿಸುವ ಸಿಂಕ್ ಅನ್ನು ಮೊದಲು "ಕಳೆದ 30 ದಿನ" ಎಂದು ಬದಲಾಯಿಸದಿದ್ದರೆ ಅವು ತೆರೆಯುವುದಿಲ್ಲ ಎಂದು. ಬಳಿಕ ಇನ್‌ಬಾಕ್ಸ್ ಲೇಬಲ್ಲಿನ ಸೂಚನೆಯನ್ನು ನಿಲ್ಲಿಸಿ, ತುರ್ತಿನದನ್ನು ಚಾಲೂ ಮಾಡಿ, ಹಳೆಯ ಕಾಲದ ಸೈಕಲ್ ಬೆಲ್ಲಿನ ಸದ್ದು ಇಟ್ಟೆ. ಅದರ ಕೆಳಗೇ "ಪ್ರತಿ ಸಂದೇಶಕ್ಕೂ ತಿಳಿಸು" ಎಂಬ ಚಿಕ್ಕ ಚೌಕವಿದೆ. ಅದನ್ನು ಗುರುತು ಮಾಡದಿದ್ದರೆ ಮೊದಲ ಮೇಲ್‌ಗೆ ಬೆಲ್ ಬಾರಿಸಿ, ನೀವು ತೆರೆದು ನೋಡುವವರೆಗೂ ಮುಂದಿನವುಗಳಿಗೆ ಸುಮ್ಮನಿರುತ್ತದೆ. ಐಫೋನಿನ ಮೇಲ್ ಆ್ಯಪ್ ಬಳಸುವ ನನ್ನ ಸಹೋದ್ಯೋಗಿಯೊಬ್ಬರು ಮುಖ್ಯವೆಂದು ಗುರುತಿಸಿದವರ ವಿಐಪಿ ಪಟ್ಟಿಯಿಂದ ಇದೇ ಕೆಲಸ ಮಾಡಿಸಿಕೊಳ್ಳುತ್ತಾರೆ. ಆದರೆ ಆ ಆ್ಯಪಿಗೆ ಜಿಮೇಲ್ ತಾನಾಗಿ ಬಂದು ಬೀಳುವುದಿಲ್ಲ, ಆ್ಯಪೇ ಆಗಾಗ ಹೋಗಿ ತರಬೇಕು.

ಪಟ್ಟಿಯಲ್ಲಿದ್ದ ಒಂಬತ್ತು ಜನರಿಗೆ ನನ್ನ ವಿಳಾಸದಲ್ಲೇ ಬಳಕೆದಾರನ ಹೆಸರಿನ ನಂತರ ಕೂಡಿಸುವ ಚಿಹ್ನೆ (+) ಹಾಕಿ, ಅರ್ಜೆಂಟ್ ಎಂಬ ಪದ ಸೇರಿಸಿದ ವಿಳಾಸ ಕೊಟ್ಟೆ. ಜಿಮೇಲ್ ಆ ಚಿಹ್ನೆಯ ನಂತರದ್ದನ್ನು ಲೆಕ್ಕಕ್ಕೆ ಹಿಡಿಯದೆ ಅದೇ ಪೆಟ್ಟಿಗೆಗೆ ತಂದು ಹಾಕುತ್ತದೆ. ಫಿಲ್ಟರಿಗೆ ಮಾತ್ರ ಅದು ಬೇರೆ ವಿಳಾಸ. ದೀಪಾವಳಿಯ ಬೆಳಿಗ್ಗೆ ಸೈಕಲ್ ಬೆಲ್ ಹೊಡೆದು, ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಓಡಿ ಬಂದು ನೋಡಿದರೆ, ಮಿನುಗುವ ಹಣತೆಯ ಚಿತ್ರ ಮತ್ತು ಕುಟುಂಬ ಸಮೇತ ಶುಭಾಶಯ. ಒಂಬತ್ತು ಜನ ಈಗ ಎಂಟಾಗಿದ್ದಾರೆ.

ತಮ್ಮದೇ ಇಮೇಲ್ ಕೊಟ್ಟ ಪಾರ್ಟಿಗಳ ಖಾತೆಯಲ್ಲಿ ಇಲಾಖೆಯ ಮೇಲ್‌ಗಳನ್ನಷ್ಟೇ ನನಗೆ ತಾನಾಗಿ ರವಾನಿಸುವ ಫಿಲ್ಟರ್ ಹಾಕಿಸಿದೆ. ರವಾನೆಗೆ ಮೊದಲು ಜಿಮೇಲ್ ನನ್ನ ವಿಳಾಸಕ್ಕೆ ದೃಢೀಕರಣದ ಸಂಕೇತ ಕಳುಹಿಸುತ್ತದೆ, ಅದನ್ನು ಅವರಿಗೆ ಓದಿ ಹೇಳಬೇಕು. ಹೀಗೆ ಬಂದ ಮೇಲ್‌ನಲ್ಲಿ ಕಳುಹಿಸಿದವರ ಹೆಸರು ಇಲಾಖೆಯದೇ ಉಳಿಯುವುದರಿಂದ ನನ್ನ ಫಿಲ್ಟರ್ ಅದನ್ನೂ ಹಿಡಿಯುತ್ತದೆ. ಕೈಯಿಂದ ಫಾರ್ವರ್ಡ್ ಮಾಡಿದರೆ ಹಿಡಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಸಂಜೆ ಬೆಲ್ ಬಾರಿಸಲೇ ಇಲ್ಲ. ಬ್ಯಾಟರಿ ಉಳಿಸುವ ಹುರುಪಿನಲ್ಲಿ ಫೋನು ಜಿಮೇಲನ್ನು ಮಲಗಿಸಿತ್ತು. ಬ್ಯಾಟರಿ ನಿರ್ಬಂಧದಿಂದ ಅದನ್ನು ಹೊರಗಿಟ್ಟೆ. ಆದರೂ ಒಂದೇ ಹಗ್ಗಕ್ಕೆ ಜೋತುಬೀಳುವುದು ಬೇಡವೆಂದು ತಂಗಿಯ ಮಗನನ್ನು ಕೂರಿಸಿಕೊಂಡು, ಫೋನಿನಲ್ಲಲ್ಲದೆ ಗೂಗಲ್ಲಿನ ಸರ್ವರಿನಲ್ಲೇ ಓಡುವ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಬರೆಸಿದೆ. ಅದು ತುರ್ತು ಲೇಬಲ್ಲನ್ನು ನೋಡಿ, ಹೊಸದೇನಾದರೂ ಇದ್ದರೆ ಟೆಲಿಗ್ರಾಂ ಬಾಟ್ (ತಾನಾಗಿ ಸಂದೇಶ ಕಳುಹಿಸುವ ಖಾತೆ) ಮೂಲಕ ನನಗೆ ಒಂದು ಸಾಲು ಕಳುಹಿಸುತ್ತದೆ. ಹುಡುಗ ಉತ್ಸಾಹದಿಂದ ನಿಮಿಷಕ್ಕೊಮ್ಮೆ ಓಡುವಂತೆ ಇಟ್ಟಿದ್ದ. ದಿನಕ್ಕೆ 1440 ಸಲ, ಪ್ರತಿ ಸಲಕ್ಕೆ ಸುಮಾರು 4 ಸೆಕೆಂಡ್. ಲೆಕ್ಕ ಹಾಕಿದರೆ 96 ನಿಮಿಷ. ಉಚಿತ ಖಾತೆಗೆ ಗೂಗಲ್ ಕೊಡುವುದು ದಿನಕ್ಕೆ 90 ನಿಮಿಷ. ಪ್ರತಿ ದಿನದ ಕೊನೆಯ ಪಾಲು ಕಾವಲಿಲ್ಲದೆ ಕಳೆಯುತ್ತಿತ್ತು.

"ಐದು ನಿಮಿಷಕ್ಕೊಮ್ಮೆ ಇಡೋಣ ಮಾಮಾ, ತಡ ಆಗಲ್ವಾ?" ಎಂದ ಅವನು.

ಏಳು ದಿನದ ಗಡುವಿನಲ್ಲಿ ಐದು ನಿಮಿಷ ತಡವೆಂದರೆ ಏನೂ ಅಲ್ಲ. ಈಗ ದಿನಕ್ಕೆ 288 ಸಲ ಓಡುತ್ತದೆ, ಇಪ್ಪತ್ತು ನಿಮಿಷವೂ ಖರ್ಚಾಗುವುದಿಲ್ಲ. ಪಾರ್ಟಿಯ ಹೆಸರಾಗಲಿ ನೋಟಿಸಿನ ವಿಷಯವಾಗಲಿ ಆ ಸಾಲಿನಲ್ಲಿ ಇರುವುದಿಲ್ಲ. "ತುರ್ತು ಬಂದಿದೆ" ಎಂಬುದು ಮತ್ತು ಸಮಯ ಮಾತ್ರ. ಬೇರೆಯವರ ಲೆಕ್ಕದ ಗುಟ್ಟನ್ನು ಇನ್ನೊಂದು ಕಂಪನಿಯ ಸರ್ವರಿಗೆ ದಾಟಿಸುವುದು ನನ್ನ ವೃತ್ತಿಗೆ ಒಪ್ಪುವ ಮಾತಲ್ಲ. ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಬೆಲ್ಲೂ ಟೆಲಿಗ್ರಾಂ ಸದ್ದೂ ಎರಡೂ ಮೌನ. ನಡುರಾತ್ರಿ ಉತ್ತರ ಬರೆಯಬೇಕಾದ ನೋಟಿಸನ್ನು ನಾನು ಇದುವರೆಗೆ ಕಂಡಿಲ್ಲ.

ಪೋರ್ಟಲಿನಲ್ಲಿ ಹಾಕುವುದನ್ನೂ ಅದೇ 169ನೇ ಸೆಕ್ಷನ್ ನೋಟಿಸು ತಲುಪಿಸಿದ್ದೆಂದೇ ಎಣಿಸುತ್ತದೆ. ಆದ್ದರಿಂದ ಪ್ರತಿ ಸೋಮವಾರ ನಮ್ಮ ಆಫೀಸಿನ ಹುಡುಗಿ ಎಲ್ಲರ ಲಾಗಿನ್ ತೆರೆದು ಹೆಚ್ಚುವರಿ ನೋಟಿಸುಗಳ ಪುಟವನ್ನು ನೋಡುತ್ತಾಳೆ. ಪ್ರತಿ ತಿಂಗಳ 1ನೇ ತಾರೀಖು ನನ್ನ ಇನ್ನೊಂದು ಖಾತೆಯಿಂದ ಆ ಅರ್ಜೆಂಟ್ ವಿಳಾಸಕ್ಕೆ ನಾನೇ ಒಂದು ಮೇಲ್ ಹಾಕಿಕೊಳ್ಳುತ್ತೇನೆ. ಒಮ್ಮೆ ಫೋನು ಅಪ್‌ಡೇಟ್ ಆದ ಮಾರನೆಯ ದಿನ ಹಾಗೆ ಹಾಕಿ ಕಾದೆ. ಟೆಲಿಗ್ರಾಂ ಸಾಲು ಬಂತು, ಬೆಲ್ ಬರಲಿಲ್ಲ. ನೋಡಿದರೆ ಬ್ಯಾಟರಿ ನಿರ್ಬಂಧ ಮತ್ತೆ ಮೊದಲಿನಂತೆಯೇ ಬಂದು ಕುಳಿತಿತ್ತು. ಅದನ್ನು ತೆಗೆದು ಇನ್ನೊಂದು ಮೇಲ್ ಕಳುಹಿಸಿದೆ. ಬೆಲ್ ಬಾರಿಸಿತು, ಒಳಗಿನಿಂದ ನನ್ನ ಹೆಂಡತಿ "ಯಾರದ್ರೀ ನೋಟಿಸು?" ಎಂದಳು.