ಕುಸ್ತಿ ಹುಡುಗರಿಗೆ ಕೊರಿಯಾದ ಸಿರಮ್: ಪಟ್ಟಿ ಕಟ್ಟೋದು, ಹಿಡಿಯೋದು, ಎತ್ತೋದು

ಕಲಬುರಗಿ ಕಡೆ ಗರಡಿಯಲ್ಲಿ ಬೆಳೆದ ಹುಡುಗರಿಗೆ ಸಿರಮ್ (ಸೊಂಟ, ತೊಡೆಯ ಪಟ್ಟಿ ಹಿಡಿದು ಆಡೋ ಕೊರಿಯಾದ ಕುಸ್ತಿ) ಬೇಗ ಬರುತ್ತದೆ, ಆದರೆ ಒಂದು ಅಭ್ಯಾಸ ಬಿಡಬೇಕು. ನಮ್ಮಲ್ಲಿ ಬೆನ್ನು ಮಣ್ಣಿಗೆ ಹತ್ತಿ ಚಿತ್ ಆದರೆ ಮಾತ್ರ ಸೋಲು. ಅಲ್ಲಿ ಮೊಣಕಾಲು ತಾಗಿದರೂ ಆಟ ಮುಗೀತು. ಎದುರಾಳಿಯ ಕಾಲಿಗೆ ನುಗ್ಗಿ ಮೊಣಕಾಲು ಊರುವ ಪೈಲ್ವಾನ್ ತಾನೇ ಸೋತುಕೊಳ್ತಾನೆ!

ಮೊದಲು ಪಟ್ಟಿ. ಅವರು ಅದನ್ನ ಸಟ್ಬಾ ಅಂತಾರೆ, ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ. ನಮಗೆ ಹಳೇ ಹತ್ತಿ ಧೋತರ ಸಾಕು, ಟೆರಿಕಾಟ್ ಬೇಡ, ಬೆವರಿಗೆ ಜಾರುತ್ತದೆ. ಧೋತರವನ್ನ ಉದ್ದಕ್ಕೆ ಮಡಚಿ, ಒಂದು ತುದಿಯಲ್ಲಿ ಬಳೆ ಹಾಗೆ ಗಂಟು ಹಾಕಿ ಬಲತೊಡೆಗೆ ಮೇಲಿನ ತನಕ ಏರಿಸಿ. ಉಳಿದದ್ದನ್ನ ಸೊಂಟಕ್ಕೆ ಸುತ್ತಿ ಬಲಗಡೆ ಆ ಬಳೆಗೇ ಕಟ್ಟಿ. ನಾಲ್ಕು ಬೆರಳು ಒಳಗೆ ಹೋಗಬೇಕು. ಕೆಲವರು ಬೇಕಂತಲೇ ಬಿಗಿಯಾಗಿ ಕಟ್ಟಿ ಬರ್ತಾರೆ, ಹಿಡಿತ ಸಿಗದಿರಲಿ ಅಂತ. ಶುರುವಿಗೆ ಮುಂಚೆ ಎಳೆದು ನೋಡಿ, ಬಿಚ್ಚಿಸಿ ಮತ್ತೆ ಕಟ್ಟಿಸಿ.

ಅಖಾಡ ಅಲ್ಲಿ 8 ಮೀಟರ್ ಅಗಲದ ಮರಳಿನ ವೃತ್ತ. ಭೀಮಾ ದಂಡೆಯ ಊರಿನವರಿಗೆ ಮರಳಿನ ಚಿಂತೆ ಇಲ್ಲ. ಇಲ್ಲದಿದ್ದರೆ ಚೆನ್ನಾಗಿ ಅಗೆದು ಸಡಿಲ ಮಾಡಿದ ಗರಡಿಯ ಕೆಂಪು ಮಣ್ಣೂ ನಡೀತದೆ. ಒಣಗಿದ ಎರೆ ಹೊಲದಲ್ಲಿ ಮಾತ್ರ ಬೇಡ, ಹೆಂಟೆ ಮೇಲೆ ಬಿದ್ದರೆ ಮೂಳೆ ಉಳಿಯಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲು ಏರೋ ಮುಂಚೆ ಮುಗಿಸಿಬಿಡಿ.

ಇನ್ನು ಹಿಡಿತ. ಇಬ್ಬರೂ ಎದುರುಬದುರು ಮೊಣಕಾಲೂರಿ ಕೂರಬೇಕು (ಮೊಣಕಾಲು ಊರೋಕೆ ಅವಕಾಶ ಇರೋದು ಇದೊಂದೇ ಸಲ). ಬಲಭುಜಕ್ಕೆ ಬಲಭುಜ ಒತ್ತಿ. ಎಡಗೈ ಎದುರಾಳಿಯ ತೊಡೆಪಟ್ಟಿಗೆ, ಬಲಗೈ ಸೊಂಟದ ಪಟ್ಟಿಗೆ. ಹಿಡಿದೇ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲಬೇಕು, ಆಮೇಲೆ ಪಂಚನ ಸೀಟಿ. ಕುಸ್ತಿಯಲ್ಲಿ ಹಿಡಿತಕ್ಕೇ ಅರ್ಧ ಹೊತ್ತು ಹೋಗುತ್ತದೆ, ಅಲ್ವಾ? ಇಲ್ಲಿ ಹಿಡಿತ ಮೊದಲೇ ಸಿಕ್ಕಿರುತ್ತದೆ, ಹಾಗಾಗಿ ಜಗಳ ಪೂರ್ತಿ ಸೊಂಟದ್ದು.

ಶುರುವಿಗೆ ಎರಡೇ ಪಟ್ಟುಗಳು ಸಾಕು. ಒಂದು ಬೇಜಿಗಿ: ಎರಡೂ ಕೈಯಿಂದ ಪಟ್ಟಿ ಎಳೆದು ಎದುರಾಳಿಯನ್ನ ನಿಮ್ಮ ಹೊಟ್ಟೆಗೆ ಅಂಟಿಸಿಕೊಳ್ಳಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಸೊಂಟದ ಬಲದಿಂದ ಎತ್ತಿ ಪಕ್ಕಕ್ಕೆ ತಿರುಗಿಸಿ ಹಾಕಿ. ಬರೀ ತೋಳಲ್ಲಿ ಎತ್ತೋಕೆ ಹೋದರೆ ಬೆನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಒಳಗಾಲು: ನಿಮ್ಮ ಬಲಗಾಲನ್ನ ಅವನ ಎಡಗಾಲಿಗೆ ಒಳಗಿನಿಂದ ಕೊಕ್ಕೆ ಹಾಕಿ, ಎದೆಯಿಂದ ಹಿಂದಕ್ಕೆ ತಳ್ಳಿ. ನೀವು ಎತ್ತಿದವನು ಗಾಳಿಯಲ್ಲೇ ನಿಮ್ಮ ಕಾಲಿಗೆ ಕೊಕ್ಕೆ ಹಾಕಿದರೆ ಗೆಲ್ಲುವ ಆಟವೂ ಉಲ್ಟಾ ಆಗುತ್ತದೆ, ಅದಕ್ಕೇ ಎತ್ತಿದ ಮೇಲೆ ತಡ ಮಾಡಬೇಡಿ.

ಕುತ್ತಿಗೆ ಹಿಸುಕೋದು, ತಲೆ ಗುದ್ದೋದು, ಹೊಡೆಯೋದು ನಡೆಯಲ್ಲ. ಉಂಗುರ, ಕಡಗ ತೆಗೆದಿಡಿ, ಪಟ್ಟಿಯಲ್ಲಿ ಸಿಕ್ಕಿದರೆ ಬೆರಳು ಮುರಿಯುತ್ತದೆ. ಮೂರರಲ್ಲಿ ಎರಡು ಗೆದ್ದವನದ್ದು ಆಟ.