ಓದಿದ ಕಾದಂಬರಿ, ನೋಡಿದ ಸಿನಿಮಾ: ಮಾತು ಶುರುಮಾಡೋದು ಹೇಗೆ

ಮಳೆಗಾಲದ ಸಂಜೆ ತೀರ್ಥಹಳ್ಳಿಯ ನಮ್ಮನೆ ಜಗಲಿಯಲ್ಲಿ, ಕಾದಂಬರಿ ಮತ್ತು ಅದರಿಂದ ಮಾಡಿದ ಸಿನಿಮಾ ಎರಡರ ಬಗ್ಗೆ ಮಾತಾಡೋಕೆ ಐದಾರು ಜನ ಸೇರುತ್ತೇವೆ. ‘ಪುಸ್ತಕವೇ ಚೆಂದ’ ಅಂತ ಶುರುಮಾಡಬೇಡಿ, ಮಾತು ಅಲ್ಲಿಗೇ ಸತ್ತಿತು. ಒಂದೇ ಸನ್ನಿವೇಶ ಹಿಡಿಯಿರಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ತಗೊಳ್ಳಿ: ಸುಬ್ಬಮ್ಮ ಬರುವ ಎರಡು ಪುಟ ಗಟ್ಟಿಯಾಗಿ ಓದಿ, ಆಮೇಲೆ ಗಿರೀಶ ಕಾರ್ನಾಡರ 1999ರ ಅದೇ ಹೆಸರಿನ ಚಿತ್ರದಲ್ಲಿ ಸುಬ್ಬಮ್ಮನಾಗಿ ತಾರಾ ಅವರನ್ನು ನೋಡಿ. ಪುಟಗಟ್ಟಲೆ ಬರೆದ ಕಾಡನ್ನು ಕ್ಯಾಮೆರಾ ಒಂದೇ ನೋಟಕ್ಕೆ ತೋರಿಸಿಬಿಡುತ್ತದೆ. ಮನಸ್ಸಿನೊಳಗಿನ ಗೊಣಗಾಟಕ್ಕೆ ಮಾತ್ರ ಒದ್ದಾಡುತ್ತದೆ. ಸಿನಿಮಾದಲ್ಲಿ ಏನು ಬಿಟ್ಟರು ಅನ್ನೋದಕ್ಕಿಂತ ಯಾಕೆ ಬಿಟ್ಟರು ಅಂತ ಕೇಳಿ.

ಓದದವರನ್ನು ಬಾಯಿ ಮುಚ್ಚಿಸಬೇಡಿ. ನಮ್ಮತ್ತೆ ಕಾದಂಬರಿ ಮುಟ್ಟಿದವರಲ್ಲ; ಸೀರೆ ಉಟ್ಟ ರೀತಿ, ಒಲೆ, ಸೌದೆ ನೋಡುತ್ತಾರೆ. ಅರ್ಧ ಗಂಟೆ ಅದರ ಮೇಲೇ ಚರ್ಚೆ! ಹಲಸಿನ ಹಪ್ಪಳ ಮಾತ್ರ ಸಿನಿಮಾ ಮುಗಿದ ಮೇಲೆ ಕೊಡಿ, ಕುರುಕುರು ಸದ್ದಿಗೆ ಸಂಭಾಷಣೆ ಕೇಳಿಸೋಲ್ಲ.